ಹತ್ತು ಸಾವಿರಕ್ಕೆ ಅರವತ್ತು ಸಾವಿರ ತೆರಿಗೆಯೇ?

ರಾತ್ರಿ ಎಂಟರ ಡೊಂಬಿವಲಿ ಲೋಕಲ್. ಕಾಲಿಡಲು ಜಾಗವಿಲ್ಲ, ಮುಂಬೈ ಕನ್ನಡಿಗರ ವಾಟ್ಸಾಪ್ ಹರಟೆಗೆ ಮಾತ್ರ ಬಿಡುವಿಲ್ಲ. ಮಾಟುಂಗಾದ ಇಡ್ಲಿಯಿಂದ ಶುರುವಾದ ಮಾತು ಇನ್‌ಕಮ್ ಟ್ಯಾಕ್ಸ್‌ಗೆ ಬಂತು.

"ಇನ್‌ಕ್ರಿಮೆಂಟೇ ಬೇಡ ಇತ್ತು ಮಾರಾಯ! ಹನ್ನೆರಡು ಲಕ್ಷ ದಾಟಿದ್ರೆ ಅರವತ್ತು ಸಾವಿರ ಕಟ್ಬೇಕಲ್ಲ!"

ತಡೀರಿ. 2025ರ ಬಜೆಟ್ ನಂತರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಸೊನ್ನೆ. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಸೇರಿ 12.75 ಲಕ್ಷ. ಅದರ ಮೇಲೆ ಹತ್ತು ಸಾವಿರ ಬಂದರೆ? ಸ್ಲ್ಯಾಬ್ ಲೆಕ್ಕ 61,500 ಅನ್ನುತ್ತೆ. ಆದರೆ ಮಾರ್ಜಿನಲ್ ರಿಲೀಫ್ ಇದೆ: ಮಿತಿ ಮೀರಿ ಬಂದಷ್ಟೇ ಕಟ್ಟೋದು, ಅಂದರೆ 10,000, ಜೊತೆಗೆ ಶೇ 4 ಸೆಸ್. ಬಂದದ್ದೆಲ್ಲ ಹೋಯ್ತು, ಗೊಣಗಿ. ಕೈಯಿಂದ ಬಿದ್ದದ್ದು 400 ಮಾತ್ರ. ಶೇರು ಮಾರಿದ ಲಾಭದ ಲೆಕ್ಕವೇ ಬೇರೆ, ಅದಕ್ಕೆ ಈ ರಿಯಾಯಿತಿ ಇಲ್ಲ.

ಇನ್ನು ಫೆಬ್ರವರಿ ಸಂಬಳದಲ್ಲಿ 200ರ ಬದಲು 300 ಕಟ್ ಆಗುತ್ತಲ್ಲ? ಅದು ಮಹಾರಾಷ್ಟ್ರದ ವೃತ್ತಿ ತೆರಿಗೆ. ಅದಕ್ಕೆ ದಿಲ್ಲಿಯನ್ನು ಬೈಯಬೇಡಿ.