ಎರಡು ಮಿಲಿಮೀಟರಿನ ಕುಣಿಕೆ

ಮಾಗಿಯ ಬೆಳಗಿನಲ್ಲಿ ಬಸವಾಪಟ್ಟಣದ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟುತ್ತದೆ. ಅದು ಗಟ್ಟಿಯಾಗಲು ಕೊರೆಯುವ ಚಳಿಯೇನೂ ಬೇಕಿಲ್ಲ, ಉಷ್ಣಾಂಶ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಬಾಟಲಿಯನ್ನೇನೋ ಬಿಸಿಲಿಗಿಡಬಹುದು, ಅದೇ ಎಣ್ಣೆ ಹೊಲಿಗೆ ಮಷಿನ್‌ನ ಸಂದಿಗಳಲ್ಲಿದ್ದರೆ ಚಕ್ರ ಅಲುಗುವುದಿಲ್ಲ. ಸ್ವೆಟರು, ಕುಲಾವಿಗಳ ಕಾಲ ಬಂತೆಂದು ಅಟ್ಟದಿಂದ ಇಳಿಸಿದ ಅಜ್ಜಿಯ ಮಷಿನ್ ತಿರುಗದಿದ್ದಾಗ, ಕೆಟ್ಟುಹೋಯಿತೆಂದು ಗುಜರಿಗೆ ಹಾಕಿಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಸಂಕಟದ ಸಂಗತಿ. ಎಷ್ಟೋ ಸಲ ಅದನ್ನು ಹಿಡಿದು ನಿಲ್ಲಿಸಿರುವುದು ತುಕ್ಕಲ್ಲ, ಗಟ್ಟಿಯಾದ ಎಣ್ಣೆ.

ಕುಸುಬೆ, ಸೂರ್ಯಕಾಂತಿ ಎಣ್ಣೆಗಳದು ಇನ್ನೂ ಕಷ್ಟ. ಅವು ಗಾಳಿಯ ಆಮ್ಲಜನಕದೊಂದಿಗೆ ಕೂಡಿದಾಗ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗೋಂದಾಗುತ್ತವೆ. ಕುಸುಬೆ ಎಣ್ಣೆಯನ್ನು ಬಣ್ಣ, ವಾರ್ನಿಷ್‌ಗಳಲ್ಲಿ ಬಳಸುವುದೇ ಈ ಗುಣಕ್ಕಾಗಿ. ಮಷಿನ್ ಎಣ್ಣೆ ಖನಿಜ ತೈಲದಿಂದ ಬಂದದ್ದು, ಅದು ಹೀಗೆ ಬೇಗ ಅಂಟಾಗುವುದಿಲ್ಲ. ಜಿಡ್ಡುಗಟ್ಟಿದ ಮಷಿನ್ ಬಿಡಿಸಲು ಒಲೆ, ದೀಪಗಳಿಂದ ದೂರ ಕುಳಿತು ಪ್ರತಿ ಕೀಲಿಗೂ ಒಂದೆರಡು ತೊಟ್ಟು ಸೀಮೆಎಣ್ಣೆ ಬಿಟ್ಟು, ರಾತ್ರಿಯೆಲ್ಲ ನೆನೆಯಲು ಬಿಡಬೇಕು. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಬೇಕು, ಬಲ ಹಾಕಬಾರದು. ಕರಗಿ ಬಂದ ಕಂದು ಜಿಡ್ಡನ್ನು ಒರೆಸಿ ಮಷಿನ್ ಎಣ್ಣೆ ಬಿಟ್ಟರೆ ಕೀಲುಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ಕಪ್ಪು ಮೈಮೇಲಿನ ಬಂಗಾರದ ಚಿತ್ತಾರಕ್ಕೆ ಮಾತ್ರ ಸ್ಪಿರಿಟ್ ಸೋಕಿಸಬೇಡಿ. ಹಳೆಯ ಮಷಿನ್‌ಗಳ ಚಿತ್ತಾರದ ಮೇಲೆ ಅರಗಿನ ಲೇಪನವಿರುತ್ತದೆ, ಸ್ಪಿರಿಟ್ ತಗುಲಿದರೆ ಅದು ಕರಗುತ್ತದೆ.

ಚಕ್ರ ತಿರುಗಿತು, ಆದರೆ ಹೊಲಿಗೆ ಬಿಡುತ್ತಿದೆ. ಇಲ್ಲಿಂದ ಮುಂದೆ ಯಂತ್ರದ ಗುಟ್ಟು ಗೊತ್ತಿರಬೇಕು. ಕೈಸೂಜಿಗೆ ಕಣ್ಣು ಹಿಂಬದಿಯಲ್ಲಿ, ಮಷಿನ್ ಸೂಜಿಗೆ ಮೊನೆಯ ಹತ್ತಿರ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲಿ ಇಂಥ ಸೂಜಿಯೂ ಅದರ ಜೊತೆಗೆ ಎರಡನೆಯ ದಾರವೂ ಇದ್ದವು. ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಸೂಜಿ ಬಟ್ಟೆಯನ್ನು ದಾಟಿ ತಳ ಮುಟ್ಟಿ, ಎರಡು ಮಿಲಿಮೀಟರಿನಷ್ಟು ಮೇಲೇಳುತ್ತದೆ. ಒಂದು ಬದಿಯಲ್ಲಿ ದಾರ ಸೂಜಿಯ ಉದ್ದನೆಯ ತೋಡಿನೊಳಗೆ ಅಡಗಿರುತ್ತದೆ. ಇನ್ನೊಂದು ಬದಿಯಲ್ಲಿ ಬಟ್ಟೆ ದಾರವನ್ನು ತಡೆಹಿಡಿಯುವುದರಿಂದ ಅದು ಉಬ್ಬಿ ಕುಣಿಕೆಯಾಗುತ್ತದೆ. ಆ ಗಳಿಗೆಗೆ ಸರಿಯಾಗಿ ಶಟಲ್‌ನ ಕೊಕ್ಕು ಬಂದು ಕುಣಿಕೆಯನ್ನು ಹಿಡಿದು, ಕೆಳಗಿನ ದಾರವಿರುವ ಬಾಬಿನ್‌ನ ಸುತ್ತ ದಾಟಿಸುತ್ತದೆ. ಮೇಲಿನ ಸನ್ನೆ ದಾರವನ್ನು ಎಳೆದುಕೊಂಡಾಗ ಎರಡು ದಾರಗಳು ಬಟ್ಟೆಯ ದಪ್ಪದ ನಡುವೆ ಹೆಣೆದುಕೊಳ್ಳುತ್ತವೆ. ಯಂತ್ರದ ಇಷ್ಟು ಕಬ್ಬಿಣವೆಲ್ಲ ದುಡಿಯುವುದು ಆ ಪುಟ್ಟ ಕುಣಿಕೆಗಾಗಿ. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿ 1924ರಲ್ಲಿ ಸಿಂಗರ್ ಮಷಿನ್‌ಗೆ ವಿನಾಯಿತಿ ಕೊಟ್ಟಿದ್ದರು. ಅವರ ಮೆಚ್ಚುಗೆ ನನಗೆ ಅರ್ಥವಾಗುತ್ತದೆ.

ಹಾಗಾಗಿ ಹೊಲಿಗೆ ಬಿಟ್ಟರೆ ಮೊದಲು ಸೂಜಿಯನ್ನೇ ನೋಡಿ. ತಿರುಗುಮುರುಗಾಗಿ ಕೂರಿಸಿದ್ದರೆ, ಮೊನೆ ಬಾಗಿದ್ದರೆ, ಪೂರ್ತಿ ಮೇಲಕ್ಕೆ ಸೇರಿಸದಿದ್ದರೆ ಕುಣಿಕೆ ಕೊಕ್ಕಿಗೆ ಸಿಗುವುದಿಲ್ಲ. ಆಮೇಲೆ ಶಟಲ್ ಬಿಚ್ಚಿ ಒಳಗಿನ ನೂಲಿನ ಚೂರು, ನಾರಿನ ಧೂಳು ತೆಗೆಯಿರಿ. ಟೆನ್ಶನ್ ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸ. ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ.

ಕೈಹೆಣಿಗೆಯ ಕುಲಾವಿಯಲ್ಲೂ ಇರುವುದು ಕುಣಿಕೆಗಳೇ, ಆದರೆ ಒಂದೇ ನೂಲಿನವು. ಪ್ರತಿ ಕುಣಿಕೆಯೂ ಕೆಳಗಿನದರೊಳಗಿಂದ ಎದ್ದು ಬಂದದ್ದು. ಎಳೆದಾಗ ಅವು ಆಕಾರ ಬದಲಿಸುವುದರಿಂದ ಕುಲಾವಿ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ಹೊರಬಿಡದೆ ಕಿವಿಗಳನ್ನು ಬೆಚ್ಚಗಿಡುತ್ತದೆ. ಜೋರು ಗಾಳಿ ಬೀಸಿದರೆ ಅದೇ ಕಿಂಡಿಗಳಿಂದ ಚಳಿ ನುಗ್ಗುತ್ತದೆ. ಒತ್ತಾಗಿ ನೇಯ್ದ ಕುರಿಯುಣ್ಣೆಯ ಕಂಬಳಿ ಹೊಲದಲ್ಲಿ ಹೆಚ್ಚು ಆಸರೆಯಾಗುವುದು ಅದಕ್ಕೇ.

ಹರಿದ ಸ್ವೆಟರಿನಿಂದ ಮಗುವಿಗೆ ಟೋಪಿ ಮಾಡಬೇಕೆಂದರೆ ಈ ಎರಡು ಬಗೆಯ ಕುಣಿಕೆಗಳನ್ನು ಕೂಡಿಸಬೇಕು. ಹೆಣಿಗೆ ಹಿಗ್ಗುತ್ತದೆ, ನೇರ ಹೊಲಿಗೆ ಅಷ್ಟು ಹಿಗ್ಗದು. ತಲೆಗೆ ಹಾಕುವಾಗ ದಾರ ಪಟ್ಟನೆ ಕಡಿಯುತ್ತದೆ. ಕತ್ತರಿಸುವ ಮೊದಲೇ ಗೆರೆಯ ಎರಡೂ ಬದಿ ಒಂದೊಂದು ಹೊಲಿಗೆ ಹಾಕಿದರೆ ಕುಣಿಕೆಗಳು ಬಿಚ್ಚಿಹೋಗುವುದಿಲ್ಲ. ಅಡಿಯಲ್ಲಿ ತೆಳು ಕಾಗದವಿಟ್ಟರೆ ಬಟ್ಟೆಯನ್ನು ಸರಿಸುವ ಮಷಿನ್‌ನ ಹಲ್ಲು ಹೆಣಿಗೆಯನ್ನು ಜಗ್ಗುವುದಿಲ್ಲ, ಮುಗಿದ ಮೇಲೆ ಕಾಗದವನ್ನು ಹರಿದು ತೆಗೆಯಬಹುದು. ಜೋಡಿಸುವಾಗ ಮೇಲಿನ ಟೆನ್ಶನ್ ಕೊಂಚ ಸಡಿಲವಿರಲಿ, ಬಟ್ಟೆಯನ್ನು ತುಸುವೇ ಹಿಗ್ಗಿಸಿ ಹಿಡಿಯಿರಿ. ಹಣೆಯ ಅಂಚಿಗೆ ಮಾತ್ರ ಮಷಿನ್ ಬೇಡ, ಅಲ್ಲಿ ಸಡಿಲವಾದ ಕೈಹೊಲಿಗೆಯೇ ಸರಿ.