ಸಗರನಾಡಿನ ಓದುಗರೂ ಟೇಲರ್ ಸಾಹೇಬನ ಕಾದಂಬರಿಗಳೂ

ಈಚೆಗೆ ಬಿಡುವಿನ ವೇಳೆಯಲ್ಲಿ ಓದಿದ ಕೆಲವು ಜನಪ್ರಿಯ ಕಾದಂಬರಿಗಳ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಇವಕ್ಕೆ ವಿಮರ್ಶೆಯೆಂಬ ದೊಡ್ಡ ಹೆಸರು ಸಲ್ಲದು. ತರಗತಿಯಲ್ಲಿ ನಿಂತಾಗ ವಸ್ತು, ಪಾತ್ರ, ಸನ್ನಿವೇಶವೆಂದು ಕೃತಿಯನ್ನು ಬಿಡಿಸಿ ತೋರಿಸುವುದು ನಮ್ಮ ಉದ್ಯೋಗಧರ್ಮ. ಆದರೆ ಊಟವಾದ ಮೇಲೆ ದೀಪದ ಬಳಿ ಕುಳಿತಾಗಲೋ, ಯಾದಗಿರಿಯ ನಿಲ್ದಾಣದಲ್ಲಿ ರೈಲು ಹತ್ತಿದಾಗಲೋ ಕೈಗೆ ಬರುವ ಪುಸ್ತಕದಿಂದ ನಾವು ಬಯಸುವುದು ಬೇರೆ. ಮುಂದೇನಾಯಿತು ಎಂಬ ಕುತೂಹಲವೊಂದೇ ಅಲ್ಲಿ ಅರಸು. ಲೋಕದಲ್ಲಿ ಬಹುಮಂದಿ ಓದುವುದು ಹೀಗೆಯೇ. ಆದುದರಿಂದ ಇಂತಹ ಓದಿನಲ್ಲಿ ಮನಸ್ಸಿಗೆ ಏನಾಗುತ್ತದೆಂಬುದು ವಿಚಾರಯೋಗ್ಯವಾದ ವಿಷಯವೇ ಆಗಿದೆ.

ಕನ್ನಡಿಗರಿಗೆ ಈ ಕುತೂಹಲದ ರುಚಿಯನ್ನು ಹತ್ತಿಸಿದವರು ಬಹು ಹಿಂದಿನವರು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದರು. ಗಳಗನಾಥರು ಮರಾಠಿಯಿಂದ ತಂದುದಲ್ಲದೆ ತಾವಾಗಿಯೂ ಬರೆದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಪ್ರಸಿದ್ಧವಾಗಿದೆ. ಮುಂದೆ ಅ.ನ.ಕೃ. ಅವರೂ ತ.ರಾ.ಸು. ಅವರೂ ಕಾದಂಬರಿಯನ್ನು ಮನೆಮನೆಯ ವಸ್ತುವನ್ನಾಗಿ ಮಾಡಿದರು. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ಓದುಗರಿಗೆ ಇವರಲ್ಲದೆ ಇನ್ನೊಬ್ಬ ಕಾದಂಬರಿಕಾರನ ಸಂಬಂಧವೂ ಉಂಟು. ಅವನು ಕನ್ನಡದವನಲ್ಲ, ಆದರೂ ನಮ್ಮ ನಡುವೆಯೇ ಇದ್ದವನು. ಅವನೇ ಫಿಲಿಪ್ ಮೆಡೋಸ್ ಟೇಲರ್.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು 1824ರಲ್ಲಿ, ಹದಿನಾರರ ಹುಡುಗನಾಗಿ, ಹಿಂದೂಸ್ಥಾನಕ್ಕೆ ಬಂದು ನಿಜಾಮರ ಸೈನ್ಯದಲ್ಲಿ ಸೇವೆಗೆ ಸೇರಿದನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಎಂಬ ಬಂಗಲೆ ಅವನದು. ಬೋನಾಳದ ಕೆರೆಯನ್ನು ಸುಧಾರಿಸಿದವನೂ ಅವನೇ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಂತ ಗುಂಡುಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಕಂಡು, ಇವು ಇತಿಹಾಸಪೂರ್ವಕಾಲದ ಜನರ ಕೃತಿಗಳೆಂದು ವಿದ್ವಾಂಸರ ಗಮನಕ್ಕೆ ತಂದವನೂ ಅವನೇ. ಹೊಲದ ನಡುವಿನ ಕಲ್ಲನ್ನು ಇಷ್ಟು ಅಕ್ಕರೆಯಿಂದ ನೋಡಿದವನು ಕಥೆಯಲ್ಲಿ ನಮ್ಮ ಜನರನ್ನು ಹೇಗೆ ನೋಡಿದನೆಂಬ ಪ್ರಶ್ನೆಯೇ ಅವನ ಕಾದಂಬರಿಗಳನ್ನು ಒಂದರ ಮೇಲೊಂದು ಓದುವಂತೆ ನಮ್ಮನ್ನು ಪ್ರೇರಿಸಿತು.

ಮೊದಲು ಹಿಡಿದುದು 1839ರಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್'. ಇದರ ಅಚ್ಚಿನ ಹಾಳೆಗಳನ್ನು ವಿಕ್ಟೋರಿಯಾ ರಾಣಿಯು ತರಿಸಿಕೊಂಡು ಓದಿದಳೆಂದು ಟೇಲರನು ಹೇಳಿಕೊಂಡಿದ್ದಾನೆ. ಓದಿದವರಿಗೆ ಇದು ಆಶ್ಚರ್ಯವೆನಿಸದು. ಸೆರೆಯಲ್ಲಿರುವ ಅಮೀರ್ ಅಲಿಯೆಂಬ ಠಕ್ಕನು ತನ್ನ ಬಾಳಿನ ಕಥೆಯನ್ನು ಒಬ್ಬ ಸಾಹೇಬನ ಮುಂದೆ ತಾನೇ ಹೇಳುತ್ತಾನೆ. ದಾರಿಹೋಕರ ಸ್ನೇಹ ಸಂಪಾದಿಸಿ, ಅವರೊಡನೆ ಉಂಡು, ನಕ್ಕು, ಕೊನೆಗೆ ರುಮಾಲಿನಿಂದ ಕೊರಳು ಬಿಗಿದು ಕೊಲ್ಲುವುದು ಅವನ ಕಸಬು. ಇದರಲ್ಲಿ ನಮ್ಮನ್ನು ಬೆದರಿಸಿದುದು ಕೊಲೆಗಳಲ್ಲ, ಕೊಲೆಗಾರನ ಮಾತಿನ ಸೊಗಸು. ಅವನ ದನಿಗೆ ನಾವು ಎಷ್ಟು ಬೇಗ ಒಗ್ಗಿಹೋಗುತ್ತೇವೆಂದರೆ, ಇಂದಿನ ಬೇಟೆ ತಪ್ಪಿಹೋದೀತೇನೋ ಎಂದು ನಾವೂ ಕಾತರಿಸತೊಡಗುತ್ತೇವೆ. ತಾನು ಕೊಂದ ಹೆಂಗಸು ತನ್ನ ಒಡಹುಟ್ಟಿದವಳೆಂದು ಅವನಿಗೆ ತಿಳಿದುಬರುವಲ್ಲಿ ಮಾತ್ರ ಎದೆ ಝಲ್ಲೆನ್ನುತ್ತದೆ. ಅವನ ಜೊತೆಯಲ್ಲಿ ಇಷ್ಟು ದೂರ ನಡೆದುಬಂದೆವಲ್ಲ ಎಂದು ನಾಚಿಕೆಯೂ ಆಗುತ್ತದೆ. ಠಕ್ಕರೆಂಬವರು ದೇಶವೆಲ್ಲ ಹಬ್ಬಿದ ಒಂದೇ ಗುಪ್ತಪಂಥದವರೆಂಬ ಮಾತನ್ನು ಇಂದಿನ ಇತಿಹಾಸಕಾರರಲ್ಲಿ ಅನೇಕರು ಒಪ್ಪುವುದಿಲ್ಲ. ಆದರೆ ಆ ಕಲ್ಪನೆಯನ್ನು ಲೋಕದ ಮನಸ್ಸಿನಲ್ಲಿ ಬೇರೂರಿಸಿದ ಪುಸ್ತಕಗಳಲ್ಲಿ ಇದು ಮುಖ್ಯವಾದುದು. ಮನರಂಜನೆಯ ಕಾದಂಬರಿಯ ಶಕ್ತಿಯನ್ನು ಇದರಿಂದಲೇ ಅಳೆಯಬಹುದು. ಸರಕಾರದ ವರದಿಯನ್ನು ಓದಿದವರು ಅದನ್ನು ಮರೆತಾರು. ಅಮೀರ್ ಅಲಿಯನ್ನು ಮರೆಯುವವರಿಲ್ಲ.

ಎರಡನೆಯದು 1863ರ 'ತಾರಾ'. ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ 1657, 1757, 1857 ಎಂದು ನೂರು ನೂರು ವರ್ಷಗಳ ಅಂತರದಲ್ಲಿ ಮೂರು ಐತಿಹಾಸಿಕ ಕಾದಂಬರಿಗಳನ್ನು ಹೆಣೆದನು. ಅವುಗಳಲ್ಲಿ ಇದು ಮೊದಲನೆಯದು. 1865ರ 'ರಾಲ್ಫ್ ಡಾರ್ನೆಲ್' ನಡುವಣದು. 1872ರ 'ಸೀತಾ' ಕೊನೆಯದು. 'ತಾರಾ'ದ ವಸ್ತು ಬಿಜಾಪುರದ ಆದಿಲಶಾಹಿಗೂ ಶಿವಾಜಿ ಮಹಾರಾಜರಿಗೂ ನಡೆದ ಕಲಹ. ಅಫಜಲಖಾನನ ವಧೆ ನಡೆದುದು 1659ರಲ್ಲಿ. ಆದರೂ ಶತಮಾನದ ಲೆಕ್ಕ ಅಂದವಾಗಿ ಕೂಡಬೇಕಾದ ಕಾರಣ ಕಾದಂಬರಿಯು 1657ನ್ನೇ ಹಿಡಿದಿದೆ. ಕಥಾನಾಯಿಕೆ ತಾರಾ ತುಳಜಾಪುರದ ಶಾಸ್ತ್ರಿಯೊಬ್ಬನ ಮಗಳು, ಬಾಲವಿಧವೆ. ಅಫಜಲಖಾನನ ಮಗನು ಅವಳನ್ನು ಹಲವು ವಿಪತ್ತುಗಳಿಂದಲೂ ಕೊನೆಗೆ ಚಿತೆಯಿಂದಲೂ ಪಾರುಮಾಡಿ ವರಿಸುತ್ತಾನೆ. ಈ ಪುಸ್ತಕದಲ್ಲಿ ಊರುಗಳು ಊರುಗಳಂತೆಯೇ ಇವೆ. ಗುಡಿಯ ಮೆಟ್ಟಿಲು, ಪೇಟೆಯ ಗದ್ದಲ, ಮನೆಯೊಳಗಣ ಸವತಿಯರ ಮುನಿಸು ಇವನ್ನೆಲ್ಲ ಬರೆದವನು ದಖ್ಖಣದಲ್ಲಿ ಬಾಳಿದವನೇ ಹೊರತು ದುರ್ಬೀನಿನಿಂದ ನೋಡಿದವನಲ್ಲ. ಆದರೆ ಆಕಸ್ಮಿಕಗಳು ಅತಿಯಾದುವು. ನಾಯಿಕೆಗೆ ಕಂಟಕ ಬಂದಾಗಲೆಲ್ಲ ನಾಯಕನು ಒದಗಿಬರುವುದನ್ನು ಮೂರನೆಯ ಸಲ ಕಂಡಾಗ ನಮಗೆ ನಗೆ ಬಂದಿತು. ಆದರೂ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. ಜನಪ್ರಿಯ ಕಾದಂಬರಿಯ ಗುಟ್ಟು ಇದು: ಅದರ ಉಪಾಯವನ್ನು ಬಲ್ಲೆವೆಂದರೂ ಅದಕ್ಕೆ ಸೋಲುತ್ತೇವೆ.

'ಸೀತಾ' ನಮಗೆ ಅಷ್ಟು ರುಚಿಸಲಿಲ್ಲ. 1857ರ ಬಂಡಾಯದ ಕಾಲದಲ್ಲಿ ಸಿರಿಲ್ ಬ್ರಾಂಡನ್ನನೆಂಬ ಆಂಗ್ಲ ಅಧಿಕಾರಿಯು ಸೀತೆಯೆಂಬ ಹಿಂದೂ ವಿಧವೆಯನ್ನು ವರಿಸುವ ಕಥೆಯಿದು. ಆ ಕಾಲದ ಆಂಗ್ಲನೊಬ್ಬನು ಇಂತಹ ಮದುವೆಯನ್ನು ಗೌರವದಿಂದ ಚಿತ್ರಿಸಿದುದು ಸಾಮಾನ್ಯ ಧೈರ್ಯವಲ್ಲ. ಆದರೆ ಆ ಧೈರ್ಯವು ಕೊನೆಯವರೆಗೆ ನಿಲ್ಲಲಿಲ್ಲ. ಗಂಡನ ಮೇಲೆ ಬಂದ ಈಟಿಗೆ ಸೀತೆಯು ತಾನು ಎದೆಯೊಡ್ಡಿ ಮಡಿಯುತ್ತಾಳೆ. ಮುಂದೆ ಬ್ರಾಂಡನ್ನನು ತನ್ನವರಲ್ಲೇ ಒಬ್ಬ ಕನ್ಯೆಯನ್ನು ಮದುವೆಯಾಗುತ್ತಾನೆ. ನಾಯಿಕೆಯ ತ್ಯಾಗಕ್ಕೆ ಕಣ್ಣೀರು ಬರುವಷ್ಟರಲ್ಲೇ, ಗ್ರಂಥಕರ್ತನಿಗೆ ಆ ಸಾವು ಎಷ್ಟು ಅನುಕೂಲವಾಯಿತೆಂಬ ಯೋಚನೆಯೂ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದವನು ಬಂಡಾಯಗಾರ ಅಜ್ರಾಯೇಲ್ ಪಾಂಡೆ. ಅವನು ದರೋಡೆಗಾರ, ಕೊಲೆಪಾತಕ, ಕಪಟಿ. ಅವನಲ್ಲಿ ಮನುಷ್ಯನ ಅಂಶವೇ ಇಲ್ಲ. ಠಕ್ಕನಿಗೂ ಒಂದು ಹೃದಯವನ್ನು ಕೊಟ್ಟ ಲೇಖಕನು ಬಂಡಾಯಗಾರನಿಗೆ ಅದನ್ನು ಕೊಡದೆಹೋದುದೇಕೆ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟಿರೋಣ.

ಹೊರಗಿನಿಂದ ಬಂದವನ ಕಾದಂಬರಿಗಳ ಜೊತೆಗೆ ಒಳಗಿನವರದೊಂದನ್ನು ಇಟ್ಟು ನೋಡಬೇಕೆನಿಸಿ ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಮತ್ತೆ ಓದಿದೆವು. 1982ರಲ್ಲಿ ಪ್ರಕಟವಾಗಿ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕೃತಿ, ಚಿತ್ರದುರ್ಗದ ಮದಕರಿನಾಯಕನು 1779ರಲ್ಲಿ ಹೈದರಾಲಿಗೆ ಸೋತ ಕಥೆ. ಸುರಪುರದ ಅರಸರಂತೆ ದುರ್ಗದವರೂ ಬೇಡನಾಯಕರು. ಆದುದರಿಂದ ಈ ಹೋಲಿಕೆ ಅಪ್ರಸ್ತುತವಲ್ಲ. ಮಾತು ದೀರ್ಘ, ಎಲ್ಲರ ನಾಲಿಗೆಯಲ್ಲಿಯೂ ಒಂದೇ ಬಗೆಯ ಓಜಸ್ಸು, ನಾಯಕನಿಗೆ ಸ್ವಲ್ಪ ಹೆಚ್ಚಾಗಿಯೇ ಚಿನ್ನದ ನೀರು ಎಂದು ಆಕ್ಷೇಪಿಸುವವರು ಆಕ್ಷೇಪಿಸಬಹುದು. ಆದರೆ ಸೋಲುವ ಕೋಟೆಯೊಳಗೆ ನಿಂತು ಬರೆದ ಪುಸ್ತಕವಿದು. ಕೊನೆಯೇನೆಂದು ಹೆಸರಿನಲ್ಲೇ ತಿಳಿಸಿಟ್ಟರೂ, ಏನಾದರೂ ಆಗಿ ದುರ್ಗ ಉಳಿದೀತೆ ಎಂದು ಹಾರೈಸುವಂತೆ ಅದು ಮಾಡುತ್ತದೆ. ಟೇಲರನ ಮೂರು ಪುಸ್ತಕಗಳಲ್ಲಿಯೂ ನಮಗೆ ಈ ಹಾರೈಕೆ ಹುಟ್ಟಲಿಲ್ಲ.

ಹುಟ್ಟಿದುದು ಅವನ ಇನ್ನೊಂದು ಪುಸ್ತಕದಲ್ಲಿ. ಅದು ಕಾದಂಬರಿಯೇ ಅಲ್ಲ. 1876ರಲ್ಲಿ ತೀರಿಕೊಂಡ ಟೇಲರನ ಆತ್ಮಕಥೆಯನ್ನು ಅವನ ಮಗಳು 1877ರಲ್ಲಿ ಪ್ರಕಟಿಸಿದಳು. ಸುರಪುರದ ವೆಂಕಟಪ್ಪನಾಯಕನ ಕಥೆ ಬರುವುದು ಅದರಲ್ಲಿ. ತಂದೆಯನ್ನು ಕಳೆದುಕೊಂಡ ಬಾಲಕ, ಸಂಸ್ಥಾನವನ್ನು ತನ್ನ ಕೈಯಲ್ಲಿಟ್ಟುಕೊಳ್ಳಬಯಸಿದ ತಾಯಿ ರಾಣಿ ಈಶ್ವರಮ್ಮ, ಇಬ್ಬರ ನಡುವೆ ಪಾಲಕನಾಗಿ ಬಂದ ಆಂಗ್ಲ ಅಧಿಕಾರಿ. ಹುಡುಗನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು. 1853ರಲ್ಲಿ ಪ್ರಾಯಕ್ಕೆ ಬಂದ ಅರಸನಿಗೆ ರಾಜ್ಯವನ್ನೊಪ್ಪಿಸಿ ಟೇಲರನು ಹೊರಟುಹೋದನು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪನಾಯಕನು ಆಂಗ್ಲರ ಮೇಲೆ ಕತ್ತಿಯೆತ್ತಿದನು, ಸುರಪುರವು ಬಿದ್ದಿತು, ಅರಸನು ಹೈದರಾಬಾದಿನಲ್ಲಿ ಸೆರೆಯಾದನು. ಟೇಲರನು ಹೋಗಿ ಅವನನ್ನು ಸೆರೆಮನೆಯಲ್ಲಿ ಕಂಡನು. ಪ್ರೇರಿಸಿದವರ ಹೆಸರು ಹೇಳೆಂದರೆ ತರುಣನು ಹೇಳಲೊಪ್ಪಲಿಲ್ಲ. ವಿಧಿಸಿದ ಮರಣದಂಡನೆ ದೇಶಾಂತರವಾಸವಾಗಿ, ಬಳಿಕ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಆದರೆ ಚೆಂಗಲ್ಪಟ್ಟಿನತ್ತ ಒಯ್ಯುವಾಗ, ಹೈದರಾಬಾದಿನಿಂದ ಹೊರಟ ಮೊದಲ ಮಜಲಿನಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ಅವನು ಸತ್ತನು. ತಾನೇ ಹೊಡೆದುಕೊಂಡನೆಂದು ಟೇಲರನು ಬರೆದಿದ್ದಾನೆ. ಸಂಸ್ಥಾನವು 1860ರಲ್ಲಿ ನಿಜಾಮರ ರಾಜ್ಯಕ್ಕೆ ಸೇರಿಹೋಯಿತು.

ಮೇಲೆ ಇಟ್ಟಿದ್ದ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. 1872ರಲ್ಲಿ ಅಜ್ರಾಯೇಲ್ ಪಾಂಡೆಯನ್ನು ಸೃಷ್ಟಿಸಿದವನು 1858ರ ಒಬ್ಬ ಬಂಡಾಯಗಾರನನ್ನು ಸ್ವತಃ ಅಕ್ಷರ ಕಲಿಸಿ ಬೆಳೆಸಿದವನು. ಬಂಡೇಳುವವನಿಗೂ ಮುಖವುಂಟು, ಕಣ್ಣೀರುಂಟು, ಮಾನವುಂಟು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲ ಆಂಗ್ಲನಿರಲಿಲ್ಲ. ಆದರೂ ಕಾದಂಬರಿ ಬರೆಯಲು ಕುಳಿತಾಗ ಆ ತಿಳಿವು ಕೆಲಸಕ್ಕೆ ಬಾರದೆಹೋಯಿತು. ಏಕೆಂದರೆ ಜನಪ್ರಿಯ ಕಥೆಗೆ ಒಬ್ಬ ದುಷ್ಟನು ಬೇಕು. ಅದನ್ನು ಕೊಂಡು ಓದುವವರು ಸಮುದ್ರದಾಚೆಯವರು. ಅವರಿಗೆ ಬೇಕಾದ ದುಷ್ಟನು ಯಾವನೆಂಬುದು ಮೊದಲೇ ಗೊತ್ತಿತ್ತು. ಅಪ್ಪಾ ಎಂದು ಕರೆದವನನ್ನು ಆ ಅಚ್ಚಿಗೆ ಇಳಿಸಲಾರದೆ ಟೇಲರನು ಅವನನ್ನು ಆತ್ಮಕಥೆಯಲ್ಲಿ ಉಳಿಸಿಕೊಂಡನೆಂದು ನಮ್ಮ ಊಹೆ. ಪ್ರೀತಿಯುಳ್ಳ ಕಡೆ ಖಳನಾಯಕನು ಹುಟ್ಟಲಾರನು.

ಹಾಗೆಂದು ಆತ್ಮಕಥೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಪ್ಪತ್ತನಾಲ್ಕನೆಯ ವರ್ಷವನ್ನು ಈ ಹುಡುಗನು ದಾಟಲಾರನೆಂದು ಜಾತಕದಲ್ಲಿ ಬರೆದಿತ್ತೆಂಬ ಸಂಗತಿಯನ್ನು ಟೇಲರನು ಮೊದಲೇ ಹೇಳಿ, ಸಾವಿನ ಸಮಯದಲ್ಲಿ ಮತ್ತೆ ನೆನಪಿಸುತ್ತಾನೆ. ಓದುವಾಗ ಮೈ ನವಿರೇಳುತ್ತದೆ. ಪುಸ್ತಕ ಮುಚ್ಚಿದ ಮೇಲೆ ಹೊಳೆಯುವುದೇನೆಂದರೆ, ಇದು ನುರಿತ ಕಾದಂಬರಿಕಾರನ ಕೈಚಳಕ. ಎಲ್ಲವೂ ಗ್ರಹಗತಿಯಾದರೆ ಯಾರ ಮೇಲೂ ಹೊಣೆಯಿಲ್ಲ. ಆದರೆ ಆ ಕಥೆಯಲ್ಲಿ ಗ್ರಹಗಳಲ್ಲದೆ ರೆಸಿಡೆಂಟನಿದ್ದನು, ಸೈನ್ಯವಿತ್ತು, ನ್ಯಾಯಾಸನವಿತ್ತು, ಒಂದು ಪಿಸ್ತೂಲೂ ಇತ್ತು. ರಾಣಿ ಈಶ್ವರಮ್ಮನು ತನ್ನ ಕಥೆಯನ್ನು ತಾನೇ ಬರೆದಿದ್ದರೆ ಅದು ಬೇರೆ ಬಗೆಯಾಗಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಇಷ್ಟರಿಂದ ಟೇಲರನನ್ನು ಓದಬಾರದೆಂದು ನಮ್ಮ ಅಭಿಪ್ರಾಯವಲ್ಲ. ಅವನನ್ನು ಓದಬೇಕು, ಅವನ ಕಥೆಗೆ ಮನಸಾರೆ ಸೋಲಲೂ ಬೇಕು. ಸೋಲದ ಓದು ಲೆಕ್ಕಪತ್ರದ ತನಿಖೆಯಾದೀತು. ಆದರೆ ಪುಸ್ತಕ ಮುಚ್ಚಿದ ಮೇಲೆ ಮೂರು ಮಾತುಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಈ ಕಥೆಯನ್ನು ಹೇಳಿದವನಾರು, ಯಾರಿಗಾಗಿ ಹೇಳಿದನು, ಇದರಲ್ಲಿ ಬಾಯಿಲ್ಲದವನಾರು? ಸಗರನಾಡಿನ ತರುಣರು ಟೇಲರ್ ಮಂಜಿಲನ್ನು ನೋಡಿದಂತೆಯೇ ಸುರಪುರದ ಅರಮನೆಯನ್ನೂ ನೋಡಲಿ. ಆತ್ಮಕಥೆಯ ಪುಟಗಳ ಜೊತೆಯಲ್ಲಿ ಊರ ಹಿರಿಯರ ಮಾತುಗಳನ್ನೂ ಕೇಳಲಿ. ವೆಂಕಟಪ್ಪನಾಯಕನ ಕಥೆ ಒಬ್ಬರು ಬರೆದು ಮುಗಿಸುವಂಥದಲ್ಲ. ಅದನ್ನು ಬರೆಯಹೊರಡುವವರು 'ಕನ್ಫೆಷನ್ಸ್'ನ ಕುತೂಹಲವನ್ನೂ 'ದುರ್ಗಾಸ್ತಮಾನ'ದ ಮಮತೆಯನ್ನೂ ಒಂದೇ ಪುಸ್ತಕದಲ್ಲಿ ತಂದುಕೊಟ್ಟರೆ, ಅಂತಹ ಪುಸ್ತಕಕ್ಕಾಗಿ ಒಂದಲ್ಲ, ಹತ್ತು ರಾತ್ರಿಗಳ ನಿದ್ರೆಯನ್ನು ಬಿಡಲು ನಾವು ಸಿದ್ಧರಿದ್ದೇವೆ.