ಬಾಗಿ ಬಿತ್ತುವ ಹೂವು

ದೆಹಲಿಯ ಕಾಳಿಂದಿ ಕುಂಜ್ ಬಳಿ ಯಮುನೆಗೆ ಎರಡು ಬಣ್ಣ. ಓಖ್ಲಾ ಬ್ಯಾರೇಜಿನ ಮೇಲ್ಗಡೆ ಹಸಿರು. ಕೆಳಗಡೆ, ಛಠ್ ಹಬ್ಬದ ಹೊತ್ತಿಗೆ, ಬಿಳಿ ನೊರೆ. ನೊರೆಯ ಚಿತ್ರ ವರ್ಷವರ್ಷವೂ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಹಸಿರನ್ನು ಕೇಳುವವರು ಕಡಿಮೆ, ನೋಡಲು ಅದು ಚೆಂದವೇ ಅಲ್ಲವೇ!

ದೆಹಲಿಯವರ ಬಾಯಲ್ಲಿ ಆ ಹಸಿರು ತೇಲುಗಿಡ ಜಲಕುಂಭಿ. ಬೆಂಗಳೂರಿನ ಕೆರೆಯಂಚಿನವರು ಅಂತರಗಂಗೆ ಎನ್ನುವುದುಂಟು. ಸಸ್ಯಶಾಸ್ತ್ರ ಬಲ್ಲವರು ಆ ಹೆಸರು ಎಲೆಕೋಸಿನಂತೆ ತೇಲುವ ಬೇರೊಂದು ಗಿಡದ್ದೆಂದು ತಿದ್ದುತ್ತಾರೆ. ಜಲಕುಂಭಿಯ ತವರು ಅಮೆಜಾನ್ ಸೀಮೆ. ತಿಳಿನೇರಳೆ ಹೂವಿಗೆ ಮರುಳಾದವರು 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ತಂದರು. ಭತ್ತದ ಗದ್ದೆ, ದೋಣಿಯ ದಾರಿ ಎಲ್ಲವನ್ನೂ ಅದು ಎಷ್ಟು ಬೇಗ ಮುಚ್ಚಿತೆಂದರೆ, 1936ರಲ್ಲಿ ಇದೊಂದೇ ಗಿಡದ ವಿರುದ್ಧ ಅಲ್ಲಿ ಕಾಯ್ದೆ ಬಂತು.

ಗಿಡದ ಎಲೆದಂಟು ಪುಟ್ಟ ಗಡಿಗೆಯಂತೆ ಉಬ್ಬಿರುತ್ತದೆ, ಒಳಗೆಲ್ಲ ಗಾಳಿ. ತೇಲುವುದಕ್ಕೆ ಅಷ್ಟು ಸಾಕು. ಬುಡದಿಂದ ನೀರಿನ ಮೇಲೆ ಹಂಬು ಚಾಚಿ, ಅದರ ತುದಿಯಲ್ಲಿ ಮರಿಗಿಡ ಹುಟ್ಟಿಸುತ್ತದೆ. ಮರಿ ತನ್ನದೇ ಹಂಬು ಚಾಚುತ್ತದೆ. ಸೆಕೆ ಇದ್ದು ಗೊಬ್ಬರ ಸಿಕ್ಕರೆ ಒಂದೆರಡು ವಾರದಲ್ಲಿ ಹರಹು ಇಮ್ಮಡಿ. ಗಾಳಿಯೋ ದೋಣಿಯ ಹುಟ್ಟೋ ಹಂಬನ್ನು ಕಡಿದರೆ ಗಿಡಕ್ಕೆ ನಷ್ಟವಿಲ್ಲ, ಒಂದಿದ್ದದ್ದು ಎರಡಾಯಿತು ಅಷ್ಟೆ. ಕಳೆ ಎತ್ತುವ ಯಂತ್ರದ ಹಲ್ಲಿನಿಂದ ಜಾರಿದ ಬುಡದ ತುಂಡೂ ಹೀಗೆಯೇ ಚಿಗುರುತ್ತದೆ.

ಹೂವಿನ ಕೆಲಸ ಬೇರೆ. ಅರಳಿ ಒಂದೆರಡು ದಿನಕ್ಕೆ ಬಾಡಿದೊಡನೆ ಹೂದಂಟು ಬಾಗಿ ನೀರಿಗೆ ಇಳಿಯುತ್ತದೆ. ಬೀಜ ಅಲ್ಲೇ ಮಾಗಿ ತಳದ ಕೆಸರು ಸೇರುತ್ತದೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾಯಬಲ್ಲ ಬೀಜ ಅದು. ನೀರು ಇಳಿದು, ಕೆಸರಿಗೆ ಬೆಳಕು ತಾಗಿದಾಗ ಮೊಳೆಯುತ್ತದೆ. ಮೇಲಿನದನ್ನೆಲ್ಲ ಬಾಚಿ ಲಾರಿಗೆ ತುಂಬಿದರೂ ತಳದ ಕಣಜ ಭದ್ರ.

ಯಮುನೆಯಂತಹ ನದಿಯಲ್ಲಿ ತೇಲುಗಿಡ ನಿಂತದ್ದು ಹೇಗೆ? ನದಿಯನ್ನೇ ನಿಲ್ಲಿಸಲಾಗಿದೆ. ವಜೀರಾಬಾದಿನಲ್ಲಿ ಕುಡಿಯುವ ನೀರು ಎತ್ತಿಕೊಂಡ ಮೇಲೆ ಬೇಸಿಗೆಯಲ್ಲಿ ಮುಂದೆ ಹರಿಯಲು ಹೆಚ್ಚೇನೂ ಉಳಿಯುವುದಿಲ್ಲ. ಅದರ ಬೆನ್ನಿಗೇ ನಜಫ್‌ಗಢ ನಾಲೆ ಬಂದು ಕೊಳಚೆ ಸುರಿಯುತ್ತದೆ. ಅಲ್ಲಿಂದ ಓಖ್ಲಾದವರೆಗಿನ 22 ಕಿಲೋಮೀಟರ್ ನದಿಯ ಒಟ್ಟು ಉದ್ದದ ಶೇ 2ರಷ್ಟೂ ಇಲ್ಲ. ಯಮುನೆಯ ಮಾಲಿನ್ಯದ ಮುಕ್ಕಾಲು ಪಾಲು ಅಲ್ಲಿಯದೇ. ಕೊಳಚೆಯ ಸಾರಜನಕ, ರಂಜಕವೇ ಜಲಕುಂಭಿಗೆ ಗೊಬ್ಬರ. ಓಖ್ಲಾದ ಗೇಟುಗಳು ಆಗ್ರಾ ಕಾಲುವೆಗಾಗಿ ನೀರನ್ನು ತಡೆದಾಗ ನದಿ ಕೆರೆಯಾಗುತ್ತದೆ.

ಅಲ್ಲಿನ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಬರುವ ಬಾತುಗಳಿಗೆ ತೆರೆದ ನೀರು ಬೇಕು. ಉದ್ದ ಬೆರಳಿನ ದೇವನಕ್ಕಿ ಮಾತ್ರ ಜಲಕುಂಭಿಯ ಮೇಲೆ ಅಂಗಳದಲ್ಲಿ ಓಡಾಡಿದಂತೆ ಓಡಾಡುತ್ತದೆ. ದೂರು ಎಲ್ಲರದೂ ಅಲ್ಲ!

ಮಳೆಗಾಲದಲ್ಲಿ ಗೇಟು ತೆರೆದರೆ ಹಸಿರು ತೆಪ್ಪಗಳು ಮಥುರಾದ ದಿಕ್ಕಿಗೆ ಹೊರಡುತ್ತವೆ. ದೆಹಲಿಗೆ ಅದು ಸ್ವಚ್ಛತೆ, ಕೆಳಗಿನವರಿಗೆ ಬಿತ್ತನೆ.

ಬೆಂಗಳೂರು ಬೇರೆ ದಾರಿ ಹಿಡಿದಿತ್ತು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಗಿಡವನ್ನೇ ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ತರಿಸಿ ಕೆರೆಗಳಿಗೆ ಬಿಟ್ಟರು. ಪ್ರೌಢ ಹುಳು ಎಲೆಯನ್ನು ಕೆರೆದು ತಿನ್ನುತ್ತದೆ, ಮರಿಹುಳು ದಂಟನ್ನು ಕೊರೆಯುತ್ತದೆ. ಕೆಲವು ಕೆರೆಗಳಲ್ಲಿ ಎರಡು ಮೂರು ವರ್ಷಕ್ಕೆ ಕಳೆ ಕುಸಿಯಿತು. ಆದರೆ ಹುಳುವಿಗೆ ತಾಳ್ಮೆಯ ಕಾಲ ಬೇಕು. ಯಂತ್ರವೋ ಪ್ರವಾಹವೋ ಗಿಡವನ್ನು ಒಯ್ದರೆ ಅದರ ಮೇಲಿನ ಹುಳುವೂ ಹೋಯಿತು. ಕೊಳಚೆ ಕುಡಿದ ಗಿಡ ಹುಳು ತಿಂದದ್ದಕ್ಕಿಂತ ಬೇಗ ಚಿಗುರುತ್ತದೆ.

2023ರ ಜುಲೈನಲ್ಲಿ ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ಯಮುನೆ 208.66 ಮೀಟರಿಗೆ ಏರಿ 1978ರ ದಾಖಲೆಯನ್ನು ಮುರಿಯಿತು. ಅಂಥ ನೆರೆ ಇಳಿದಾಗ, ತರಕಾರಿ ಬೆಳೆಯುವ, ನದಿಯಂಚಿನ ಖಾದರ್ ನೆಲದ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಆ ಹೊಂಡಗಳಲ್ಲಿ ಸಿಕ್ಕಿಕೊಂಡ ಒಂದೊಂದು ಗಿಡ ಮತ್ತೆ ಹಂಬು ಚಾಚುತ್ತದೆ. ಜನವರಿಯ ಚಳಿಗೆ ಎಲೆ ಕಂದಿದರೂ ಬುಡ ಜೀವ ಹಿಡಿದಿರುತ್ತದೆ. ಹೋಳಿಯ ಬಿಸಿಲು ಬಿದ್ದೊಡನೆ ಚಿಗುರುತ್ತದೆ.